‘ಎರಡನೇ ಬೀಗ’ ಮುಗಿದ ಮೇಲೆ

ಹೊಸನಗರ
ಬುಧವಾರ, ೧೨ ಮಾರ್ಚ್ ೨೦೨೫

ಚಿ. ಧನ್ಯಶ್ರೀಗೆ,

ನಿನ್ನ ಮಾವ ಧರ್ಮಪ್ಪನ ಆಶೀರ್ವಾದ. ಅತ್ತೆಯದನ್ನೂ ಇದರ ಜೊತೆಗೇ ಸೇರಿಸಿಕೋ. ಅವಳು ಒಳಗೆ ಒಗ್ಗರಣೆಯ ಘಾಟಿಗೆ ಕೆಮ್ಮುತ್ತಿದ್ದಾಳೆ, ಬೇರೆಯಾಗಿ ಹೇಳಿಸಿ ಬರೆಯುವಷ್ಟು ವ್ಯವಧಾನ ಇಬ್ಬರಿಗೂ ಇಲ್ಲ. ಕಾಗದ ತಡವಾಯಿತು, ಬೈದುಕೊಳ್ಳಬೇಡ. ಯಾವುದೋ ಕಾರ್ಡಿಗೆ ಹೊಸ ಫೋಟೋ ಬೇಕಂತೆ, ಊರಿಗೆ ಊರೇ ನಮ್ಮ ಸ್ಟುಡಿಯೋ ಮುಂದೆ ನಿಂತಿದೆ. ಕೂತವರಿಗೆಲ್ಲ ‘ಗದ್ದ ಸ್ವಲ್ಪ ಮೇಲೆ, ನಗಬೇಡಿ’ ಅಂತ ಹೇಳಿ ಹೇಳಿ ನನ್ನ ಗಂಟಲು ಕಟ್ಟಿಹೋಗಿದೆ. “ನಗ್ಬೇಡಿ ಅನ್ನೋ ಫೋಟೋದೋರು ಲೋಕದಲ್ಲಿ ನೀವೊಬ್ರೇ ನೋಡಿ ಮಾವ” ಅಂತ ನೀನು ರೇಗಿಸುತ್ತಿದ್ದೆಯಲ್ಲ, ಅದು ನೆನಪಾಗಿ ನಾನೇ ನಕ್ಕುಬಿಡುತ್ತೇನೆ. ಎದುರಿಗೆ ಕೂತವರು ತಮ್ಮ ಮುಖ ನೋಡಿ ನಕ್ಕನೆಂದು ಸಿಟ್ಟಾಗುತ್ತಾರೆ.

ಮಾವ ಅಂತ ಬರೆದುಕೊಂಡೆ. ಕೋರ್ಟಿನ ಲೆಕ್ಕದಲ್ಲಿ ನಾನೀಗ ನಿನಗೆ ಯಾರೂ ಅಲ್ಲ. ನೀನೂ ನಮ್ಮ ಮಗ ಶ್ರೀನಾಥನೂ ವಿಚ್ಛೇದನಕ್ಕೆ ಸಹಿ ಹಾಕಿ, ಒಂದೇ ಹೋಟೆಲಿನಲ್ಲಿ ಕಾಫಿ ಕುಡಿದು, ಅವನು ಶಿವಮೊಗ್ಗಕ್ಕೂ ನೀನು ಸಾಗರಕ್ಕೂ ಬಸ್ಸು ಹತ್ತಿದಿರಂತೆ. ಜಗಳವಾಡಿ ಬೇರೆಯಾಗಿದ್ದರೆ ಯಾರದಾದರೂ ಪರ ಹಿಡಿಯಬಹುದಿತ್ತು. ನೀವು ಅದಕ್ಕೂ ಅವಕಾಶ ಕೊಡಲಿಲ್ಲ. ಇರಲಿ. ಆ ಕಾಗದಕ್ಕೆ ನನ್ನ ಸಹಿಯನ್ನು ಯಾರೂ ಕೇಳಲಿಲ್ಲ, ಹಾಗಾಗಿ ನಾನು ಮಾವನಾಗಿಯೇ ಉಳಿದಿದ್ದೇನೆ.

“ಫೋನ್ ಮಾಡ್ಬಾರ್ದಾ, ಎಂತಕ್ಕೆ ಅಷ್ಟುದ್ದ ಬರೀತೀರಿ?” ಅಂತ ನಿನ್ನ ಅತ್ತೆ ಶರಾವತಿ ಕೇಳುತ್ತಿರುತ್ತಾಳೆ. ಫೋನಿನಲ್ಲಾದರೆ ಮೊದಲು ನಾನು ‘ಹೇಗಿದೀಯಮ್ಮಾ’ ಅನ್ನಬೇಕು. ನೀನು ‘ಚೆನ್ನಾಗಿದೀನಿ ಮಾವ’ ಅನ್ನಬೇಕು. ಆಮೇಲೆ ಇಬ್ಬರೂ ಸುಮ್ಮನಾಗಬೇಕು. ಕಾಗದದಲ್ಲಾದರೆ ಸೀದಾ ಸೀರಿಯಲ್ಲಿಗೆ ಬರಬಹುದು. ನೀನು ಇಲ್ಲಿಂದ ಹೊರಟ ವಾರ ‘ಎರಡನೇ ಬೀಗ’ದಲ್ಲಿ ಆ ಹೆಂಗಸು ಬಂದು ಗೇಟಿನ ಹತ್ತಿರ ನಿಂತಿದ್ದಳು. ಮುಂದೇನಾಯಿತು ಅಂತ ನಿನಗೆ ಗೊತ್ತಾಗಲಿಲ್ಲವಲ್ಲ ಅಂತ ನನಗೆ ತಡೆಯಲಾಗದೆ ಮೊದಲ ಕಾಗದ ಬರೆದೆ. ಬರೀ ಕಾಗದ ಕಳಿಸುತ್ತಾರಾ ಅಂತ ಶರಾವತಿ ಮಿಡಿ ಉಪ್ಪಿನಕಾಯಿಯ ಡಬ್ಬಿ ಜೋಡಿಸಿದಳು. ಸಾಗರದ ಬಸ್ಸಿನ ಕಂಡಕ್ಟರ್ ಉಮೇಶನ ಕೈಗೆ ಕೊಟ್ಟೆವು. ನೀನು ಡಬ್ಬಿಯನ್ನು ಬರಿದಾಗಿ ಕಳಿಸಬಾರದೆಂದು ಒಮ್ಮೆ ಚಕ್ಕುಲಿ, ಒಮ್ಮೆ ಎಳ್ಳುಂಡೆ, ಏನೂ ಸಿಗದಿದ್ದಾಗ ಒಂದು ಹಿಡಿ ಸಕ್ಕರೆ ಹಾಕಿ, ಮೇಲೆ ನಿನ್ನ ಉತ್ತರ ಮಡಚಿಟ್ಟು ಕಳಿಸಿದೆ. ಅಲ್ಲಿಂದ ನಡೆದು ಬಂದದ್ದು ಇದು. ಲ್ಯಾಬಿನಿಂದ ಬಂದಮೇಲೆ ಮೊಬೈಲಿನಲ್ಲೇ ನೋಡಬಹುದಲ್ಲ ಅಂದರೆ ‘ನಿಮ್ಮ ಕಾಗದ ಓದಿ ಸೀರಿಯಲ್ ನೋಡಿದ್ರೆ ಉಪ್ಪಿಲ್ಲದ ಸಾರು ಮಾವ’ ಅಂತ ಬರೆದಿದ್ದೆ. ಆ ಸಾಲನ್ನು ಶರಾವತಿಗೆ ಎಷ್ಟು ಸಲ ಓದಿ ಹೇಳಿದೆನೋ, ಅವಳಿಗೆ ಬಾಯಿಪಾಠವಾಗಿದೆ.

ಈಗ ವಿಷಯಕ್ಕೆ ಬರುತ್ತೇನೆ. ಸೀರಿಯಲ್ ಈ ಶುಕ್ರವಾರ ಮುಗಿಯುತ್ತದಂತೆ. ಹೌದು, ನಾನೂ ನಂಬಲಿಲ್ಲ. ನೆಂಟರ ಮನೆಗೆ ಬಂದು ‘ಹೊರಟೆ ಹೊರಟೆ’ ಅನ್ನುತ್ತಾ ಜಗಲಿಯಲ್ಲೇ ಉಳಿಯುವವರ ಹಾಗೆ ಅದು ಮುಂದುವರಿಯುತ್ತಲೇ ಇರುತ್ತದೆ ಅಂದುಕೊಂಡಿದ್ದೆ. ‘ಅಂತಿಮ ವಾರ’ ಅಂತ ಕೆಂಪು ಅಕ್ಷರದಲ್ಲಿ ತೋರಿಸುತ್ತಿದ್ದಾರೆ.

ಆದ್ದರಿಂದ ನನ್ನ ಕೊನೆಯ ತನಿಖಾ ವರದಿ. ನಿನಗೆ ಗೊತ್ತಿದ್ದದ್ದನ್ನೂ ಹೇಳುತ್ತೇನೆ, ತನಿಖೆ ಅಂದಮೇಲೆ ಮೊದಲಿನಿಂದಲೇ ಆಗಬೇಕು. ರಾಯರ ಮನೆಯ ಹಿರಿಸೊಸೆ ಮಂದಾಕಿನಿ ಕಾರಿನ ಸಮೇತ ನದಿಗೆ ಬಿದ್ದಳು. ಕಾರು ಸಿಕ್ಕಿತು, ಅವಳು ಸಿಗಲಿಲ್ಲ. ಅವಳ ಕೋಣೆಗೆ ಎರಡು ಬೀಗ. ಒಂದರ ಕೀಲಿ ಮನೆಯಲ್ಲಿತ್ತು, ಇನ್ನೊಂದು ಅವಳ ಜೊತೆ ಹೋಯಿತು. ಗಂಡ ವಿಕ್ರಾಂತ ಎರಡನೇ ಮದುವೆಗೆ ಒಪ್ಪಿದ ಹೊತ್ತಿಗೆ ಸರಿಯಾಗಿ ಅದೇ ಮುಖದ ಹೆಂಗಸೊಬ್ಬಳು ಗೇಟಿಗೆ ಬಂದು ‘ನಾನೇ ಮಂದಾಕಿನಿ’ ಅಂದಳು. ಕೈಯಲ್ಲಿ ಎರಡನೇ ಕೀಲಿ ಇದೆ. ಬೀಗ ತೆಗೆಯಮ್ಮಾ ಅಂದರೆ ‘ಸಮಯ ಬಂದಾಗ’ ಅನ್ನುತ್ತಾಳೆ. ಆ ಸಮಯ ಒಂದು ವರ್ಷದಿಂದ ಬರುತ್ತಲೇ ಇದೆ.

ಅವಳು ನಿಜವಾದ ಮಂದಾಕಿನಿಯೋ ಅಲ್ಲವೋ ಅನ್ನುವುದು ಮೊದಲ ಪ್ರಶ್ನೆ. ಅಲ್ಲವೇ ಅಲ್ಲ ಅಂತ ನೀನು ನಿನ್ನ ಎರಡನೇ ಕಾಗದದಲ್ಲೇ ಬರೆದಿದ್ದೆ. ಬಂದ ಸಂಜೆ ಅವಳು ಅಡಿಗೆಮನೆಯಲ್ಲಿ ಲೈಟಿನ ಸ್ವಿಚ್ಚಿಗಾಗಿ ಗೋಡೆಯೆಲ್ಲ ತಡವಿದಳಲ್ಲ, ನಾನು ಸುಮ್ಮನೆ ಬರೆದ ಆ ಸಾಲನ್ನು ಹಿಡಿದದ್ದು ನೀನೊಬ್ಬಳೇ. ‘ಆ ಮನೇಲಿ ಬದುಕಿದವಳು ಸ್ವಿಚ್ ಹುಡುಕಲ್ಲ ಮಾವ. ಮನಸ್ಸು ಮರೆತರೂ ಕೈ ಮರೆಯಲ್ಲ’ ಅಂತ ಬರೆದಿದ್ದೆ. ಆಗ ನಾನು ಒಪ್ಪಲಿಲ್ಲ. ನಾನು ಆಗ ಮಚ್ಚೆಯ ಹಿಂದೆ ಬಿದ್ದಿದ್ದೆ.

ಮಚ್ಚೆಯ ಪ್ರಕರಣದಲ್ಲಿ ನನ್ನ ಮಾನ ಹೋದದ್ದನ್ನು ನಿನಗೆ ಪೂರ್ತಿ ಬರೆದಿರಲಿಲ್ಲ. ಗೋಡೆಯ ಫೋಟೋದಲ್ಲಿ ಮಂದಾಕಿನಿಯ ಮಚ್ಚೆ ಬಲಗೆನ್ನೆಗೆ, ಬಂದವಳದ್ದು ಎಡಗೆನ್ನೆಗೆ. ಫೋಟೋವನ್ನು ಯಾರೋ ಬೇಕೆಂದೇ ತಿರುಗಿಸಿ ಪ್ರಿಂಟು ಹಾಕಿಸಿದ್ದಾರೆ, ಇದು ಸ್ಟುಡಿಯೋ ಗೊತ್ತಿದ್ದವನ ಕೆಲಸ ಅಂತ ನಾನು ಪಕ್ಕದ ಕನ್ನಮ್ಮನ ಹೋಟೆಲಿನಲ್ಲಿ ಭಾಷಣ ಮಾಡಿದೆ. ಇಷ್ಟು ವರ್ಷ ಮುಖ ನೋಡಿಯೇ ಊಟ ಮಾಡಿದವನು ಹೇಳುತ್ತಿದ್ದಾನೆಂದು ಎಲ್ಲರೂ ಕೇಳಿದರು. ಮರುದಿನ ಸಂಜೆ ಮಚ್ಚೆ ಬಲಗೆನ್ನೆಗೆ ಹೋಗಿತ್ತು. ಅದರ ಮರುದಿನ ಮಚ್ಚೆಯೇ ಇರಲಿಲ್ಲ. ಮೇಕಪ್ಪಿನವನಿಗೆ ನೆನಪಿರಲಿಲ್ಲ, ಅಷ್ಟೇ. “ಎಂತ ಧರ್ಮಪ್ಪಣ್ಣ, ನಿಮ್ ಮಚ್ಚೆ ಇವತ್ತು ಎಲ್ಲಿಗೆ ಹೋಗಿದ್ಯಂತೆ?” ಅಂತ ಕನ್ನಮ್ಮ ಈಗಲೂ ಚಹಾ ಲೋಟ ಇಡುವಾಗ ಕೇಳುತ್ತಾಳೆ.

ಕಾರನ್ನು ನದಿಗೆ ತಳ್ಳಿಸಿದವರು ಯಾರು ಅನ್ನುವುದು ಎರಡನೇ ಪ್ರಶ್ನೆ. ಕನ್ನಮ್ಮ ಮೊದಲಿನಿಂದ ರಾಯರ ಮನೆಯ ವಕೀಲನ ಮೇಲೆ ಬೆರಳು ತೋರಿಸುತ್ತಿದ್ದಾಳೆ. ಅವಳ ಕಾರಣ ಕೇಳು. “ಆ ಮನೆಗೆ ಬಂದಾಗ್ಲೆಲ್ಲ ಕಾಫಿ ಕೊಡ್ತಾರೆ. ಒಂದಿನನಾದ್ರೂ ಲೋಟ ಖಾಲಿ ಮಾಡಿದಾನಾ? ಅರ್ಧ ಕುಡಿದು ಏಳೋನನ್ನ ನಾನಂತೂ ನಂಬಲ್ಲ ಮಾರಾಯ್ರೆ.” ಉಮೇಶನಿಗೆ ಯಾರ ಮೇಲೂ ಅನುಮಾನವಿಲ್ಲ. ಅವನು ಸಂಜೆ ಏಳೂವರೆಗೆ ಬಸ್ಸಿನಲ್ಲಿರುತ್ತಾನೆ, ಸೀರಿಯಲ್ ನೋಡಿದವನೇ ಅಲ್ಲ. ನನ್ನ ಕಾಗದ ತೆಗೆದುಕೊಳ್ಳುವಾಗ ಬಾಯಲ್ಲೇ ಕಥೆ ಕೇಳಿ, “ಕೊನೇಲಿ ಎಲ್ಲ ಕನಸು ಅಂತಾರೆ ನೋಡ್ತಾ ಇರಿ” ಅಂದು ಸೀಟಿ ಊದುತ್ತಾನೆ.

ನನ್ನ ಸಿದ್ಧಾಂತ ನಿನಗೆ ಗೊತ್ತೇ ಇದೆ. ಆ ಗಾಲಿಕುರ್ಚಿಯ ಮುದುಕ, ಮಂದಾಕಿನಿಯ ಮಾವ ಗಂಗಾಧರರಾಯ, ಸೊಸೆ ಹೋದ ಆಘಾತಕ್ಕೆ ಮಾತು ಕಳೆದುಕೊಂಡ ಅನ್ನುತ್ತಾರಲ್ಲ, ಅವನಿಗೆ ಮಾತು ಬರುತ್ತದೆ. ಮಚ್ಚೆಯ ವಿಷಯದಲ್ಲಿ ನಾನು ಸೋತಿರಬಹುದು, ಇದರಲ್ಲಿ ಸೋಲುವುದಿಲ್ಲ. ಯಾರಾದರೂ ಪ್ರಶ್ನೆ ಕೇಳಿದಾಗ ಅವನ ಗಂಟಲು ನೋಡು. ಉತ್ತರ ಹೇಳಲಿರುವವನು ಮೊದಲು ಎಂಜಲು ನುಂಗುತ್ತಾನೆ. ಫೋಟೋಕ್ಕೆ ಕೂತವರಲ್ಲಿ ನಾನು ದಿನಾ ಕಾಣುತ್ತೇನೆ, ಅದಕ್ಕೇ ಅವರು ನುಂಗಿ ಮುಗಿಸುವ ತನಕ ಕ್ಲಿಕ್ ಮಾಡುವುದಿಲ್ಲ. ಆ ಮುದುಕ ಪ್ರತಿ ಸಂಚಿಕೆಯಲ್ಲೂ ನುಂಗುತ್ತಾನೆ. ಮಾತು ಬಾಯಿಯ ತನಕ ಬರುತ್ತದೆ, ಆಡುವುದಿಲ್ಲ. ಮೊದಮೊದಲು ನನಗೆ ಇದು ತಮಾಷೆಯಾಗಿತ್ತು. ಈಚೆಗೆ ಸಿಟ್ಟು ಬರುತ್ತದೆ. ಮನೆಯ ಹಿರಿಯನಾಗಿ, ನಾಲಗೆ ನೆಟ್ಟಗಿದ್ದೂ, ಅಂಗಳದಲ್ಲಿ ನಿಂತ ಹೆಣ್ಣುಮಗಳನ್ನು ಊರೆಲ್ಲ ‘ಯಾರು ನೀನು’ ಅಂತ ಕೇಳುವಾಗ ಕುರ್ಚಿಯಲ್ಲಿ ಕೂತು ನೋಡುತ್ತಾನಲ್ಲ! ಮೊನ್ನೆ ನಾನು ಟಿವಿಗೇ “ಮಾತಾಡೋ ಮಾರಾಯ” ಅಂದುಬಿಟ್ಟೆ. ಶರಾವತಿ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

ಇಷ್ಟೆಲ್ಲ ಬರೆದರೂ ನನ್ನ ಮನಸ್ಸಿನಲ್ಲಿ ಕೊರೆಯುತ್ತಿರುವುದು ವಕೀಲನೂ ಅಲ್ಲ, ಮುದುಕನೂ ಅಲ್ಲ. ಸೀರಿಯಲ್ ಮುಗಿದ ಮೇಲೆ ನಾನು ನಿನಗೆ ಏನಂತ ಬರೆಯಲಿ? ನಮ್ಮಿಬ್ಬರ ನಡುವೆ ಯಾರೂ ಆಕ್ಷೇಪಣೆ ಮಾಡಲಾಗದ ಮಾತು ಇದೊಂದೇ ಇತ್ತು. ನೀನು ಹೋದಮೇಲೆ ನಾನು ಸೀರಿಯಲ್ ನೋಡಿದ್ದೇ ನಿನಗೆ ಬರೆಯುವುದಕ್ಕೆ. ಹಿಂದಿನ ಸಲ ಕಳಿಸಿದ ಡಬ್ಬಿಯೂ ಇನ್ನೂ ವಾಪಸು ಬಂದಿಲ್ಲ. “ಏನಾದ್ರೂ ಕೊಟ್ರಾ?” ಅಂತ ಉಮೇಶನನ್ನು ಕೇಳಿದರೆ ಅವನು ಬೇರೆ ಕಡೆ ನೋಡಿ “ಇಲ್ಲ, ಅವ್ರು ಸ್ಟಾಂಡಿಗೆ ಬಂದಿರ್ಲಿಲ್ಲ” ಅನ್ನುತ್ತಾನೆ. ಕೆಲಸದ ಒತ್ತಡ ಇರಬಹುದು. ಇವತ್ತಿನ ಸಂಚಿಕೆಗೆ ಹೊತ್ತಾಯಿತು, ನಿಲ್ಲಿಸುತ್ತೇನೆ. ಶುಕ್ರವಾರದ್ದನ್ನೂ ನೋಡಿ, ಇದೇ ಕಾಗದಕ್ಕೆ ಸೇರಿಸಿ ಕಳಿಸುತ್ತೇನೆ.

ಶನಿವಾರ, ಬೆಳಿಗ್ಗೆ

ಧನ್ಯಾ, ನಾನು ಗೆದ್ದೆ! ಮುದುಕ ಮಾತಾಡಿದ!

ನಿನ್ನೆ ಕನ್ನಮ್ಮ ಹೋಟೆಲಿನ ಬಾಗಿಲು ಬೇಗ ಎಳೆದು ನಮ್ಮ ಮನೆಗೇ ಬಂದಳು, ಕೊನೆಯದನ್ನು ಒಬ್ಬಳೇ ನೋಡುವುದಕ್ಕೆ ಆಗುವುದಿಲ್ಲವಂತೆ. ನಿನ್ನ ಕುರ್ಚಿಯಲ್ಲಿ ಕೂರಲು ಹೋದಳು, ಶರಾವತಿ “ಅದರ ಕಾಲು ಸರಿ ಇಲ್ಲ, ಇಲ್ ಬಾ” ಅಂತ ತನ್ನ ಪಕ್ಕ ಕೂರಿಸಿಕೊಂಡಳು. ಕುರ್ಚಿಯ ನಾಲ್ಕು ಕಾಲೂ ಗಟ್ಟಿಯಾಗಿವೆ.

ವಿಕ್ರಾಂತನ ಎರಡನೇ ಮದುವೆಯ ಮಂಟಪ. ಪೊಲೀಸರು ಬಂದು ಈ ಹೆಂಗಸಿನ ಕೈ ಹಿಡಿದರು. ವಕೀಲ ಮುಂದೆ ಬಂದು, ‘ಇವಳು ಮಂದಾಕಿನಿಯಲ್ಲ, ಅವಳ ಚಿಕ್ಕಮ್ಮನ ಮಗಳು ಸುಗಂಧಿ. ಆಸ್ತಿಗಾಗಿ ಬಂದ ಮೋಸಗಾತಿ’ ಅಂತ ಎಲ್ಲರೆದುರು ಹೇಳಿದ. ಅವಳು ಇಲ್ಲವೆನ್ನಲಿಲ್ಲ, ತಲೆ ತಗ್ಗಿಸಿದಳು. ನೋಡು, ನಿನ್ನ ಸ್ವಿಚ್ಚೂ ಗೆದ್ದಿತು. ಅಕ್ಕನನ್ನು ಕೊಂದವರು ಯಾರೆಂದು ಹುಡುಕುವುದಕ್ಕೆ ಅವಳ ಹೆಸರು ಹೊತ್ತು ಬಂದಿದ್ದಳು. ಕೊನೆಗೂ ಎರಡನೇ ಬೀಗ ತೆಗೆದರು, ಆ ಕೀಲಿ ಅವಳ ಕೈಗೆ ಹೇಗೆ ಬಂತು ಅಂತ ಮಾತ್ರ ಹೇಳಲಿಲ್ಲ. ಕೋಣೆಯಲ್ಲಿ ಚಿನ್ನವೂ ಇಲ್ಲ, ಹೆಣವೂ ಇಲ್ಲ, ವಕೀಲನ ಮುರಿದ ಕನ್ನಡಕ ಬಿದ್ದಿತ್ತು, ಮಂದಾಕಿನಿ ಹೋದ ದಿನ ಅವನು ಅಲ್ಲಿದ್ದದ್ದಕ್ಕೆ ಸಾಕ್ಷಿ. ಅಲ್ಲಿಗೆ ಅವನ ಕಥೆ ಮುಗಿಯಿತು. ಕನ್ನಮ್ಮ ಎದ್ದು ನಿಂತು ಚಪ್ಪಾಳೆ ಹೊಡೆದಳು. “ಅರ್ಧ ಲೋಟ! ನಾನು ಹೇಳಿರ್ಲಿಲ್ವಾ, ಅರ್ಧ ಲೋಟ!”

ಆದರೆ ನಿನಗೆ ಹೇಳಬೇಕಾದದ್ದು ಅದಕ್ಕೆ ಸ್ವಲ್ಪ ಮೊದಲು ನಡೆದದ್ದು. ಪೊಲೀಸರು ಸುಗಂಧಿಯನ್ನು ಗೇಟಿನ ತನಕ ಎಳೆದುಕೊಂಡು ಹೋಗಿದ್ದರು. ಆಗ ಗಂಗಾಧರರಾಯ ಎಂಜಲು ನುಂಗಿದ. “ನೋಡು ನೋಡು” ಅಂತ ನಾನು ಶರಾವತಿಯ ಕೈ ಹಿಡಿದೆ. ಅವನು, “ಬಿಡಿ ಅವಳನ್ನ” ಅಂದ. ಎಲ್ಲ ತಿರುಗಿ ನೋಡಿದರು. ಮೂರು ಮೂರು ಸಲ ಗುಡುಗು ಸಿಡಿಲು, ಎಲ್ಲರ ಮುಖಕ್ಕೂ ಕ್ಯಾಮೆರಾ ಹೋಗಿ ಬರುವಷ್ಟರಲ್ಲಿ ಜಾಹೀರಾತು. ಜಾಹೀರಾತು ಮುಗಿದ ಮೇಲೆ, “ಇವಳು ಮಂದಾಕಿನಿಯಲ್ಲ ಅಂತ ನನಗೆ ಬಂದ ದಿನವೇ ಗೊತ್ತಿತ್ತು. ಯಾರ ಹೆಸರಲ್ಲಿ ಬಂದಳೋ ನನಗೆ ಬೇಡ. ನನಗೆ ಊಟ ಮಾಡಿಸಿದ್ದು ಇವಳು. ಇವಳು ಈ ಮನೆಯ ಹುಡುಗಿ” ಅಂದ.

ನಾನು ಗೆದ್ದೆನೆಂದು ಕುಣಿಯಬೇಕಾಗಿತ್ತು. ಕುಣಿಯಲಿಲ್ಲ. ಕಣ್ಣಿಗೆ ಏನೋ ಬಿದ್ದವನ ಹಾಗೆ ಕನ್ನಡಕ ತೆಗೆದು ಒರೆಸಿದೆ. ಶರಾವತಿಗೆ ಅಂಥ ನಾಟಕವೆಲ್ಲ ಬರುವುದಿಲ್ಲ, ಅವಳು ಸೆರಗು ಬಾಯಿಗಿಟ್ಟುಕೊಂಡು ಅತ್ತಳು. ಕನ್ನಮ್ಮ ಇಬ್ಬರನ್ನೂ ನೋಡಿ, “ಧನ್ಯಾ ಇರ್ಬೇಕಿತ್ತು ಮಾರಾಯ್ತಿ” ಅಂದು ಚಪ್ಪಲಿ ಮೆಟ್ಟಿಕೊಂಡಳು.

ಮುಂದಿನ ಸೋಮವಾರದಿಂದ ಅದೇ ಹೊತ್ತಿಗೆ ಇನ್ನೊಂದು ಸೀರಿಯಲ್ ಬರುತ್ತದಂತೆ. ಅವಳಿಜವಳಿಗಳ ಕಥೆ. ನೋಡಬೇಕೋ ಬೇಡವೋ ನಾನಿನ್ನೂ ತೀರ್ಮಾನಿಸಿಲ್ಲ, ಅದು ನಿನ್ನ ಕೈಯಲ್ಲಿದೆ. ಬೇಸಿಗೆ ಈಗಲೇ ಏರಿದೆ, ಲ್ಯಾಬಿನಲ್ಲಿ ಊರವರ ರಕ್ತ ಪರೀಕ್ಷೆ ಮಾಡುತ್ತಾ ನೀನು ನೀರು ಕುಡಿಯುವುದನ್ನು ಮರೆಯಬೇಡ. ನಿನ್ನ ಅಪ್ಪ ಅಮ್ಮನಿಗೆ ನಮ್ಮ ನಮಸ್ಕಾರ. ನೀನು ಹಿಡಿದ ಕೆಲಸವೆಲ್ಲ ಹೂವೆತ್ತಿದ ಹಾಗೆ ಆಗಲಿ, ನಗು ಕಡಿಮೆಯಾಗದಿರಲಿ. ಫೋಟೋಕ್ಕೆ ಕೂತಾಗ ಕೂಡ ನಗು, ನಾನು ಬೇಡ ಅನ್ನುವುದಿಲ್ಲ.

ಇಂತಿ ನಿನ್ನ,
ಮಾವ
ಧರ್ಮಪ್ಪ

ಮರೆತ ಮಾತು: ಮರೆತದ್ದಲ್ಲ. ಮೊದಲ ಸಾಲಿನಿಂದ ತಪ್ಪಿಸಿಕೊಂಡು ಬಂದದ್ದು. ಬೇರೆಯವರ ಬಾಯಿಂದ ನಿನಗೆ ಗೊತ್ತಾಗಬಾರದು, ಬಹುಶಃ ಆಗಲೇ ಗೊತ್ತಾಗಿದೆ. ಶ್ರೀನಾಥನಿಗೆ ಮದುವೆ ಗೊತ್ತಾಗಿದೆ. ಹುಡುಗಿ ತೀರ್ಥಹಳ್ಳಿ ಕಡೆಯವಳು, ನವ್ಯಾ ಅಂತ. ನಾಳೆ ಕೋಣಂದೂರಿನಲ್ಲಿ, ಶರಾವತಿಯ ಅಣ್ಣನ ಮನೆಯಲ್ಲಿ ನಿಶ್ಚಿತಾರ್ಥ.

ಹೋದ ಭಾನುವಾರ ಅವರೆಲ್ಲ ಮನೆ ನೋಡಲು ಬಂದಿದ್ದರು. ಮಾತು ನಡೆಯುತ್ತಿರುವಾಗ ಹುಡುಗಿ ನೀರು ಕುಡಿಯುವುದಕ್ಕೆ ತಾನೇ ಎದ್ದು ಒಳಗೆ ಹೋದಳು. ನಮ್ಮ ಅಡಿಗೆಮನೆಯ ಸ್ವಿಚ್ಚು ಬಾಗಿಲ ಹಿಂದಿದೆಯಲ್ಲ. ಅವಳು ಗೋಡೆ ತಡವುತ್ತಿದ್ದಳು. ಅವಳದೇನೂ ತಪ್ಪಿಲ್ಲ, ಒಳ್ಳೆಯ ಹುಡುಗಿ, ನಾಲ್ಕು ದಿನಕ್ಕೆ ಅವಳ ಕೈಗೂ ಗೊತ್ತಾಗುತ್ತದೆ. ಶರಾವತಿ ಹೋಗಿ ಲೈಟು ಹಾಕಿದಳು. ಆದರೆ ನಾನು ಅಲ್ಲಿ ಸೋಫಾದ ಮೇಲೆ ಕೂತು ಆ ಕೈಯನ್ನೇ ನೋಡುತ್ತಿದ್ದೆ. ನೀನು ಹೋದದ್ದು ನನಗೆ ಆವತ್ತು ತಿಳಿಯಿತು.

ಅವರು ಹೋದ ಮೇಲೆ ಶ್ರೀನಾಥ, “ಅಪ್ಪಾ, ಈ ಕಾಗದ, ಡಬ್ಬಿ ಎಲ್ಲ ಇನ್ನು ಸಾಕು. ಅವರಿಗೆ ಗೊತ್ತಾದ್ರೆ ಚೆಂದ ಇರಲ್ಲ” ಅಂದ. ಅವನು ಒರಟಾಗಿ ಹೇಳಲಿಲ್ಲ, ಅವನ ಸ್ವಭಾವ ನಿನಗೇ ಗೊತ್ತು. “ಸೀರಿಯಲ್ ಮುಗೀಲಿ ತಡಿ” ಅಂದೆ. ನಿನ್ನೆ ಮುಗಿಯಿತು. ಇವತ್ತು ಬೆಳಿಗ್ಗೆ ಎಂಜಲು ನುಂಗಿ ಅವನಿಗೆ ಫೋನ್ ಮಾಡಿದೆ. “ನಿನ್ ಮದುವೇಲಿ ಮುಂದೆ ನಿಂತು ಎಲ್ಲ ಮಾಡ್ತೀನಿ. ಬರೋ ಹುಡುಗೀನ ಚೆನ್ನಾಗಿ ನೋಡ್ಕೋತೀನಿ, ಅದ್ರಲ್ಲಿ ಅನುಮಾನ ಬೇಡ. ಆದ್ರೆ ಸಾಗರದ ಬಸ್ಸಿಗೆ ಡಬ್ಬಿ ಹೋಗುತ್ತೆ. ನಾಳೆ ಅವರಿಗೂ ನಾನೇ ಹೇಳ್ತೀನಿ” ಅಂದೆ. ಅವನು, “ಅಮ್ಮ ಎಂತ ಅಂತಾಳೆ?” ಅಂದ. ಅಮ್ಮ ಆಗಲೇ ಭರಣಿ ಬಗ್ಗಿಸಿಕೊಂಡು ಡಬ್ಬಿಗೆ ಮಿಡಿ ತುಂಬುತ್ತಿದ್ದಳು.

ನಿನಗೇ ಬೇಡ ಅನ್ನಿಸಿದರೆ ಹೇಳಿಬಿಡು, ನಾನು ಬೇಜಾರು ಮಾಡಿಕೊಳ್ಳುತ್ತೇನೆ, ಆದರೆ ತಡೆದುಕೊಳ್ಳುತ್ತೇನೆ. ಹಿಂದಿನ ಡಬ್ಬಿ ನಿನ್ನ ಹತ್ತಿರವೇ ಇದೆಯಲ್ಲ, ಮದುವೆಯ ಸುದ್ದಿ ಕೇಳಿ, ಇನ್ನು ಆ ಮನೆಗೆ ಏನು ತುಂಬಿ ಕಳಿಸುವುದು ಅಂತ ತೋಚದೆ ಇಟ್ಟುಕೊಂಡಿದ್ದೀಯ ಅನ್ನುತ್ತಾಳೆ ಶರಾವತಿ. ಅವಳು ಈಗ ಪಕ್ಕದಲ್ಲೇ ನಿಂತು ಹೇಳಿಸಿ ಬರೆಸುತ್ತಿದ್ದಾಳೆ: “ಬರೀ ಡಬ್ಬಿ ವಾಪಸ್ ಕಳಿಸ್ಬಾರ್ದು ಅನ್ನೋದು ನೆಂಟರ ಮನೆ ಲೆಕ್ಕ. ತೌರಿಗೆ ಡಬ್ಬಿ ಬರೀದೇ ಬರೋದು, ತುಂಬಿಸ್ಕೊಂಡು ಹೋಗೋಕೆ.” ಖಾಲಿಯೇ ಕಳಿಸು ಮಗಳೇ.